ಹಳೇ ಮಿಲಿಟರಿ ಗಾಡಿ ಪೇಂಟಿಂಗ್‌ಗೆ ಕೊಡ್ತಿದ್ದೀರಾ? ಗ್ರೈಂಡರ್ ಮುಟ್ಟಿಸೋಕೆ ಮುಂಚೆ ಇದನ್ನ ಓದಿ

ಮೈಸೂರು ಮಂಡ್ಯ ಕಡೆ ಹಳೇ ಜೀಪು, ಲಾರಿ, ಟ್ರಾಕ್ಟರ್, ಮಿಲಿಟರಿ ಹರಾಜಲ್ಲಿ ಬಂದ ಯಾವುದೇ ಗಾಡಿ ಇಟ್ಕೊಂಡಿರೋರು, ಅದ್ರಲ್ಲೂ ಕಾಲೇಜು, ಮ್ಯೂಸಿಯಂ ಅಂತ ನೋಡೋಕೆ ಇಡೋಕೆ ರೆಡಿ ಮಾಡಿಸ್ತಿರೋರು ದಯವಿಟ್ಟು ಪೂರ್ತಿ ಓದಿ. ಗಾಡಿ ಶೆಡ್ಡಿಗೆ ಹೋಗೋಕೆ ಮುಂಚೇನೇ ಓದಿ, ಹೋದ್ಮೇಲೆ ಓದಿ ಪ್ರಯೋಜನ ಇಲ್ಲ.

ನಮ್ಮ ಹತ್ರ ಇರೋದು ಏರ್‌ಫೋರ್ಸಿನ ಒಂದು ಹಳೇ ಟಗ್. ಅಂದ್ರೆ ವಿಮಾನ ಎಳೆಯೋ ಗಾಡಿ. ಹ್ಯಾಂಗರ್ ಒಳಗಿಂದ ವಿಮಾನ ಆಚೆ ತರೋಕೆ, ಮತ್ತೆ ಒಳಗೆ ತಳ್ಳಿ ನಿಲ್ಸೋಕೆ, ಮುಂದಿನ ಚಕ್ರಕ್ಕೆ ಟೋ ಬಾರ್ ಸಿಗಿಸಿ ಎಳೀತಾರಲ್ಲ, ಅದು. ಕುಳ್ಳಗೆ ಗಟ್ಟಿಮುಟ್ಟಾಗಿ ಇರುತ್ತೆ, ಮೈಯೆಲ್ಲ ದಪ್ಪ ಕಬ್ಬಿಣ, ಯಾಕಂದ್ರೆ ಭಾರ ಇದ್ರೇನೇ ಟೈರಿಗೆ ಗ್ರಿಪ್ ಸಿಗೋದು. ಎರಡನೇ ಮಹಾಯುದ್ಧದ ಟೈಮಲ್ಲಿ ಬ್ರಿಟಿಷ್ ಏರ್‌ಫೋರ್ಸಿಗೆ ಡೇವಿಡ್ ಬ್ರೌನ್ ಕಂಪನಿ ಇಂಥ ಟಗ್ಗುಗಳನ್ನ ಮಾಡಿಕೊಟ್ಟಿತ್ತು, ವಿಮಾನದ ಜೊತೆಗೆ ಬಾಂಬ್ ತುಂಬಿದ ಟ್ರಾಲಿಗಳನ್ನೂ ಅವೇ ಎಳೀತಿದ್ವು. ವಿಮಾನ ರಿಟೈರ್ ಆದ್ರೆ ಯಾವುದೋ ಸರ್ಕಲ್ಲಲ್ಲಿ ಕಂಬದ ಮೇಲೆ ನಿಲ್ಲಿಸ್ತಾರೆ, ಮಕ್ಕಳು ಫೋಟೋ ತೆಗೆಸ್ಕೋತಾರೆ, ಅದನ್ನ ದಿನಾ ಎಳೆದ ಟಗ್ಗು ಮಾತ್ರ ಸೀದಾ ಗುಜರಿಗೆ. ಅದಕ್ಕೇ ಒಂದು ಉಳ್ಕೊಂಡಿದ್ದು ಸಿಕ್ಕಿದಾಗ ನಮಗೆಲ್ಲ ಎಷ್ಟು ಖುಷಿ ಆಗಿತ್ತು ಅಂದ್ರೆ ಹೇಳೋಕಾಗಲ್ಲ. ನಾನು ಈ ಟಗ್ ನೋಡೋಕೆ ಇಡಬೇಕು ಅಂತಿರೋ ಮ್ಯೂಸಿಯಂಗೆ ವಾಲಂಟಿಯರ್, ಹಳೇ ಗಾಡಿ ಕೆಲಸ ಗೊತ್ತು ಅಂತ ಟಗ್ ಜವಾಬ್ದಾರಿ ನನಗೆ ಕೊಟ್ಟಿದ್ರು.

ಪೇಂಟಿಂಗ್‌ಗೆ ಕೊಡೋಕೆ ಮುಂಚೆ ಏನೇನು ನೋಡ್ಬೇಕೋ ಅದೆಲ್ಲ ನೋಡಿದ್ವಿ. ಸೀಟ್ ಕೆಳಗೆ, ಬ್ಯಾಟರಿ ಬಾಕ್ಸ್ ಹಿಂದೆ, ಟೂಲ್ ಬಾಕ್ಸ್ ಒಳಗೆ ಬಿಸಿಲು ಬೀಳಲ್ಲ, ಅಲ್ಲಿ ಬಣ್ಣ ಮಾಸಿರಲ್ಲ, ಆ ಜಾಗ ಸ್ವಲ್ಪ ಒದ್ದೆ ಮಾಡಿ ಹಗಲು ಬೆಳಕಲ್ಲಿ ಶೇಡ್ ಕಾರ್ಡ್ ಹಿಡಿದು ನೋಡಿದ್ರೆ ಪೇಂಟ್ ಬಣ್ಣಗಳಿಗೆ ನಂಬರ್ ಕೊಟ್ಟಿರೋ ನಮ್ಮ ಇಂಡಿಯನ್ ಸ್ಟ್ಯಾಂಡರ್ಡ್ ಐಎಸ್ 5 ಪಟ್ಟಿಯ 356ನೇ ನಂಬರ್, ಗೋಲ್ಡನ್ ಯೆಲ್ಲೋ, ಅದಕ್ಕೇ ಕೂರ್ತಿತ್ತು. ಒಂದು ಮೂಲೇಲಿ ವಾಟರ್ ಪೇಪರಲ್ಲಿ ನಿಧಾನಕ್ಕೆ ಒಂದು ರೂಪಾಯಿ ಕಾಯಿನ್ ಅಗಲ ಉಜ್ಜಿ ಲೇಯರ್ ಬಿಡಿಸಿದ್ವಿ. ಮೇಲೆ ಹಳದಿ, ಅದರ ಕೆಳಗೆ ಇನ್ನೊಂದು ಕಡು ಹಳದಿ, ಅದರ ಕೆಳಗೆ ನೀಲಿ ಮಿಶ್ರ ಬೂದಿ, ಕೊನೆಗೆ ತುಕ್ಕು ಹಿಡೀದೆ ಇರ್ಲಿ ಅಂತ ಹೊಡೆಯೋ ರೆಡ್ ಆಕ್ಸೈಡ್ ಪ್ರೈಮರ್. ಪೇಂಟ್ ಫ್ಯಾಕ್ಟರಿಯಿಂದ ರಿಟೈರ್ ಆದ ನಮ್ಮ ಏರಿಯಾದ ಹಿರಿಯರೊಬ್ರು ಬಂದು ನೋಡಿ ಯಾವುದು ಬ್ರಷ್ಷಲ್ಲಿ ಹೊಡೆದಿದ್ದು ಯಾವುದು ಸ್ಪ್ರೇ ಅಂತ ಕೂಡ ತೋರಿಸಿಕೊಟ್ರು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿ 1962ರಿಂದ ವೋಟಿನ ಇಂಕು ಮಾಡ್ಕೊಂಡು ಬಂದಿರೋ ಪೇಂಟ್ ಫ್ಯಾಕ್ಟರಿ ಇರೋ ಊರು ನಮ್ಮದು, ಬಣ್ಣ ಓದೋಕೆ ಬರೋ ಹಳೇ ಜನ ಇಲ್ಲಿ ಸಿಗ್ತಾರೆ, ಕೇಳಿ.

ಆಮೇಲೆ ಮುಖ್ಯ ವಿಷಯ. ಸಂಜೆ ಕತ್ತಲಾದ್ಮೇಲೆ ಲೈಟ್ ಆಫ್ ಮಾಡಿ, ಟಾರ್ಚನ್ನ ಬಾನೆಟ್ ಪಕ್ಕಕ್ಕೆ ತಗಡಿಗೆ ಒರಗಿಸಿದ ಹಾಗೆ ಅಡ್ಡ ಹಿಡಿದ್ರೆ ಪೇಂಟ್ ಕೆಳಗಿನ ಹಳೇ ಬರಹದ ಅಂಚು ಉಬ್ಬಿ ನೆರಳು ಬೀಳುತ್ತೆ, ಹಗಲಲ್ಲಿ ಏನೂ ಕಾಣದ ಜಾಗದಲ್ಲಿ. ಹಾಗೆ ಹಿಡಿದಾಗ ಒಂದು ಬಾಣದ ತುದಿ ಕಾಣಿಸ್ತು ನೋಡಿ, ಮೇಲ್ಮುಖ ಬಾಣ, ಪಕ್ಕದಲ್ಲಿ ಒಂದು ಅಂಕಿಯ ಬಾಗು. ನಮ್ಮ ಸೇನೆ ಗಾಡಿ ನಂಬರಲ್ಲಿ ಬಾಣ ಇರುತ್ತಲ್ಲ, ಅದರ ಜೊತೆ ಬರೋ ಎರಡಂಕಿ ಆ ಗಾಡಿ ತಗೊಂಡ ವರ್ಷ. ಅಂದ್ರೆ ನಮ್ಮ ಟಗ್ಗಿನ ಹುಟ್ಟಿದ ವರ್ಷ ಆ ಪೇಂಟ್ ಅಡಿ ಕೂತಿತ್ತು. ಎಂಜಿನ್ ಮೇಲಿನ ಪ್ಲೇಟ್ ಯಾವಾಗಲೋ ಯಾರೋ ಕಿತ್ಕೊಂಡು ಹೋಗಿದ್ರು, ಕಾಗದ ಪತ್ರ ಒಂದೂ ಇರ್ಲಿಲ್ಲ, ನಮಗೆ ಇದ್ದ ಒಂದೇ ಸಾಕ್ಷಿ ಅದು. ಅದನ್ನ ಆಮೇಲೆ ನಾವೇ ಒದ್ದೆ ಪೇಪರಲ್ಲಿ ಪದರ ಪದರವಾಗಿ ಬಿಡಿಸ್ತೀವಿ ಅಂತ ಮಾಸ್ಕಿಂಗ್ ಟೇಪ್ ಹಾಕಿ, ಬಾನೆಟ್ ಎಡಭಾಗ ಮುಟ್ಟಬಾರದು ಅಂತ ವರ್ಕ್ ಆರ್ಡರಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆದು, ಡ್ರೈ ಗ್ರೈಂಡಿಂಗ್ ಬೇಡ ಅಂತಾನೂ ಬರೆದು, ಸೈನ್ ಹಾಕಿಸ್ಕೊಂಡು ಅಡ್ವಾನ್ಸ್ ಕೊಟ್ಟಿದ್ದು.

ಕಾಂಟ್ರಾಕ್ಟರ್ ಹೆಸರು ಹಾಕಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ಇರೋ ಮನುಷ್ಯ, ಬಸ್ಸು ಲಾರಿ ಬಾಡಿ ಪೇಂಟಿಂಗ್ ಮಾಡಿಸ್ತಾರೆ. ನಾವು ಪ್ರತಿ ಸಲ ಬಾನೆಟ್ ವಿಷಯ ನೆನಪು ಮಾಡಿದಾಗ್ಲೂ ಒಂದೇ ಮಾತು, "ಬುಡಿ ಸಾ, ನಮ್ ಹುಡುಗ್ರು ಎಂತೆಂಥಾ ಗಾಡಿ ಮಾಡವ್ರೆ, ಹೊಸದು ತಂದಂಗೆ ಮಾಡ್ಕೊಡ್ತೀವಿ." ಹೊಸದರ ಥರ ಬೇಡ ಕಣಣ್ಣ, ಹಳೇದು ಹಳೇದರ ಥರಾನೇ ಇರ್ಲಿ ಅಂತ ಹೇಳಿದ್ದೂ ಹೇಳಿದ್ದೇ.

ಒಂದು ದಿನ ಫೋನ್ ಮಾಡದೆ ಶೆಡ್ಡಿಗೆ ಹೋದ್ವಿ. ಬಾನೆಟ್ ಬರೀ ತಗಡು. ಟೇಪ್ ಕಿತ್ತು ಮೂಲೆಗೆ ಬಿಸಾಕಿದ್ರು. ಆಂಗಲ್ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಎಡಭಾಗ ಬಲಭಾಗ ಅಂತ ನೋಡದೆ ಬೆಳ್ಳಗೆ ಹೊಳೆಯೋ ಹಾಗೆ ಉಜ್ಜಿದ್ರು, ಡಿಸ್ಕ್ ತಿರುಗಿದ ಸುರುಳಿ ಗೀರು ಬಿಟ್ರೆ ಬಾಣನೂ ಇಲ್ಲ ಅಂಕಿನೂ ಇಲ್ಲ. ನಾನು ಅಲ್ಲೇ ಟಾರ್ಚ್ ಅಡ್ಡ ಹಿಡಿದು ನೋಡ್ದೆ, ಏನಾದ್ರೂ ಉಳಿದಿರಬಹುದೇನೋ ಅಂತ. ಏನೂ ಇಲ್ಲ. ಸಿಟ್ಟಿಗಿಂತ ಹೊಟ್ಟೆ ಉರೀತು.

ಅದಕ್ಕಿಂತ ಕೆಟ್ಟದ್ದು ಪಕ್ಕದಲ್ಲೇ ಇತ್ತು. ನೆಲದ ತುಂಬ ಹಳದಿ ಪುಡಿ. ಕೆಲಸ ಮಾಡ್ತಿದ್ದ ಹುಡುಗನ ರೆಪ್ಪೆ ಮೇಲೆ, ಕಿವಿ ಮಡಿಕೇಲಿ, ಮೂಗಿಗೆ ಕಟ್ಕೊಂಡಿದ್ದ ಕರ್ಚೀಫಿನ ಮೇಲೆ ಅದೇ ಹಳದಿ, ಅವನು ಅದೇ ಕೈಯಲ್ಲಿ ಟೀ ಜೊತೆ ಬನ್ ತಿಂತಿದ್ದ. ಹಳೇ ಕಾಲದ ಆ ಗಟ್ಟಿ ಹಳದಿ ಬಣ್ಣ ಅಂದ್ರೆ ಸಾಮಾನ್ಯವಾಗಿ ಲೆಡ್ ಕ್ರೋಮೇಟ್ ರೀ. ಆ ಪಿಗ್ಮೆಂಟಿನ ತೂಕದಲ್ಲಿ ಹತ್ತಿರ ಹತ್ತಿರ 64 ಪರ್ಸೆಂಟ್ ಸೀಸಾನೇ, ಉಳಿದಿದ್ದರಲ್ಲಿ ಕ್ಯಾನ್ಸರ್ ತರೋ ಜಾತಿಯ ಕ್ರೋಮಿಯಂ. ಗಾಡಿ ಮೇಲೆ ಗಟ್ಟಿಯಾಗಿ ಅಂಟ್ಕೊಂಡಿರೋವರೆಗೂ ಅಷ್ಟು ತೊಂದ್ರೆ ಇಲ್ಲ, ಒಣಗಿದ್ದನ್ನ ಗ್ರೈಂಡರಿಂದ ಪುಡಿ ಮಾಡಿದ್ರೆ ಸೀದಾ ಶ್ವಾಸಕ್ಕೆ ಹೋಗುತ್ತೆ, ಬಟ್ಟೆ ಜೊತೆ ಮನೆಗೂ ಹೋಗುತ್ತೆ. ಮಕ್ಕಳಿಗೆ ಸೀಸ ಇಷ್ಟು ಹೋದ್ರೆ ಪರವಾಗಿಲ್ಲ ಅನ್ನೋ ಲೆಕ್ಕಾನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಈಗ ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ದಾಟಬಾರದು ಅಂತ 2016ರ ನಿಯಮ ಇದೆ, 2017ರ ನವೆಂಬರಿಂದ ಜಾರಿ, ಆದ್ರೆ ಅದಕ್ಕೆ ಮುಂಚೆ ಬಳಿದಿದ್ದಕ್ಕೆ ಅದು ಏನು ಮಾಡುತ್ತೆ ಹೇಳಿ. ಆ ಹುಡುಗನಿಗೆ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸಪ್ಪ ಅಂದ್ವಿ, ಖರ್ಚು ನಾವು ಕೊಡ್ತೀವಿ ಅಂದ್ವಿ. ಓನರ್ "ಇಪ್ಪತ್ತು ವರ್ಷದಿಂದ ಮಾಡ್ತಿದೀವಿ, ಏನೂ ಆಗಿಲ್ಲ" ಅಂತ ಮಾತು ಮುಗಿಸಿದ್ರು.

ಗಾಡಿ ಅಲ್ಲಿಂದ ತಕ್ಷಣ ಎತ್ಕೊಂಡು ಬರೋ ಹಾಗಿರ್ಲಿಲ್ಲ, ಚಕ್ರ ಬ್ರೇಕು ಎಲ್ಲ ಬಿಚ್ಚಿ ಹಾಕಿದ್ರು, ದಸರಾ ಒಳಗೆ ಬೇಕು ಅಂತ ಮ್ಯೂಸಿಯಂನವ್ರದ್ದೂ ಒತ್ತಡ. ಅವರು ಆಷಾಢದ ಜಿಟಿಜಿಟಿ ಮಳೇಲಿ, ಮೂರು ಕಡೆ ಓಪನ್ ಇರೋ ಶೆಡ್ಡಲ್ಲಿ, ಸಿಂಥೆಟಿಕ್ ಎನಾಮಲ್ ಹೊಡೆದು ಅದು ಪೂರ್ತಿ ಒಣಗೋಕೆ ಮುಂಚೆ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದ್ರು, ಬೇಗ ಒಣಗುತ್ತೆ ಅಂತ. ಎನ್‌ಸಿ ಥಿನ್ನರ್ ಜೋರು, ಕೆಳಗಿನ ಎನಾಮಲನ್ನ ಕರಗಿಸಿ ಎಬ್ಬಿಸುತ್ತೆ. ಕಾದ ಹಾಲಿನ ಕೆನೆ ಥರ ಮಡ್‌ಗಾರ್ಡ್ ಪೂರ್ತಿ ಸುಕ್ಕು. ಗಾಳೀಲಿ ತೇವ 85 ಪರ್ಸೆಂಟ್ ದಾಟಿದ್ರೆ ಪೇಂಟ್ ಗನ್ ಎತ್ತಲೇಬಾರದು, ತಗಡಿನ ಬಿಸಿ ಇಬ್ಬನಿ ಕಟ್ಟೋ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಇದು ಪೇಂಟ್ ಡಬ್ಬಿಯ ಜೊತೆ ಬರೋ ಹಾಳೇಲೇ ಇರುತ್ತೆ. ಬಣ್ಣನೂ ನಾವು ಹೇಳಿದ 356 ಅಲ್ಲ, ಅವರ ಹತ್ರ ಉಳಿದಿದ್ದ ಯಾವುದೋ ಜೆಸಿಬಿ ಹಳದಿ. ಗ್ರೀಸ್ ನಿಪ್ಪಲ್ ಮೇಲೆಲ್ಲ ಪೇಂಟ್, ಮೀಟರ್ ಗಾಜಿನ ಮೇಲೆ ಪೇಂಟ್, ಬ್ರೇಕ್ ಹೋಸ್ ಮೇಲೂ ಪೇಂಟ್.

ಕೇಳಿದ್ರೆ ಸರಿ ಮಾಡೋಕೆ ಎಕ್ಸ್‌ಟ್ರಾ ಆಗುತ್ತೆ ಅಂದ್ರು. ವರ್ಕ್ ಆರ್ಡರ್ ತೋರಿಸಿದ್ರೆ "ಅದೆಲ್ಲ ಫಾರ್ಮಾಲಿಟಿ ಸಾ". ಬಾಕಿ ದುಡ್ಡು ಕೊಟ್ಟಿಲ್ಲ, ಕೊಡೋದೂ ಇಲ್ಲ.

ಹಾಗಾಗಿ ಕೊಡೋ ಮುಂಚೆ ಒಂದು ಸಲ ಶೆಡ್ಡಿಗೆ ಹೋಗಿ ಅವರು ಬೇರೆ ಗಾಡಿ ಹೇಗೆ ಉಜ್ತಿದ್ದಾರೆ ನೋಡಿ, ಒಣಗಿದ್ದರ ಮೇಲೆ ಗ್ರೈಂಡರ್ ಓಡ್ತಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಮುಟ್ಟಬಾರದ ಭಾಗನ ಟೇಪ್ ಹಾಕಿ ನಂಬಿಕೆ ಮೇಲೆ ಬಿಡ್ಬೇಡಿ, ಬಾನೆಟ್ಟು ಬಾಗಿಲು ಬಿಚ್ಚೋಕಾದ್ರೆ ಬಿಚ್ಚಿ ಮನೇಲೇ ಇಟ್ಕೊಳ್ಳಿ. ಹಳೇ ಹಳದಿ ಅಂದ್ರೆ ಸೀಸ ಇದೆ ಅಂತಲೇ ಇಟ್ಕೊಂಡು ನೀರು ಹಾಕಿ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಆ ಕೆಸರನ್ನ ಚರಂಡಿಗೆ ಬಿಡ್ಬೇಡಿ. ಮರಳು ಬ್ಲಾಸ್ಟಿಂಗ್ ಚೀಪ್ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ತೆಳು ತಗಡು ಸೊಟ್ಟ ಆಗುತ್ತೆ, ಆ ಧೂಳು ಶ್ವಾಸಕೋಶಕ್ಕೆ ಬೇರೆ ಕಾಯಿಲೆ. ಇನ್ನು ಪಿಯು (ಪಾಲಿಯುರೆಥೇನ್) ಪೇಂಟ್ ಹೊಳಪು ಚೆನ್ನಾಗಿರುತ್ತೆ ನಿಜ, ಅದರ ಹಾರ್ಡ್‌ನರಲ್ಲಿ ಐಸೋಸಯನೇಟ್ ಅನ್ನೋ ಉಸಿರಾಟಕ್ಕೆ ಕೆಟ್ಟ ಕೆಮಿಕಲ್ ಇರುತ್ತೆ, ಅದನ್ನ ಹೊಡೆಯೋರಿಗೆ ಗಾಳಿ ಪೈಪಿನ ಮಾಸ್ಕ್ ಬೇಕು, ಕರ್ಚೀಫ್ ಅಲ್ಲ. ಮಿಲಿಟರಿ ಗಾಡಿ ಅಲ್ವಾ ಆಲಿವ್ ಗ್ರೀನ್ ಹೊಡೆಸಿಬಿಡಿ ಅಂತ ನಮಗೂ ಒಬ್ರು ಸಲಹೆ ಕೊಟ್ಟಿದ್ರು, 1989ರ ಕೇಂದ್ರ ಮೋಟಾರು ವಾಹನ ನಿಯಮದ 121ನೇ ನಿಯಮ ನೋಡ್ಕೊಳ್ಳಿ, ಆ ಬಣ್ಣ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ.

ಟಗ್ ಈಗ ವಾಪಸ್ ಬಂದಿದೆ, ಟಾರ್ಪಾಲ್ ಹೊದಿಸಿ ನಿಲ್ಸಿದ್ದೀವಿ, ಮಳೆ ಮುಗಿದ್ಮೇಲೆ ಸುಕ್ಕು ಬಂದ ಕೋಟ್ ನಾವೇ ಒದ್ದೆ ಮಾಡಿ ತೆಗೀತೀವಿ. ಬಲಗಡೆ ಮಡ್‌ಗಾರ್ಡಿನ ಒಳಮೈ ಒಂದು ಅವರ ಕೈಗೆ ಸಿಕ್ಕಿಲ್ಲ, ಅಲ್ಲಿ ಹಳೇ ಲೇಯರ್ ಇನ್ನೂ ಇದೆ, ಅದಕ್ಕೆ ಯಾರಿಗೂ ಕೈ ಹಾಕೋಕೆ ಬಿಡಲ್ಲ. ನಿಮ್ಮ ಮನೇಲಿ ಏರ್‌ಫೋರ್ಸ್ ಗ್ರೌಂಡ್ ಸ್ಟಾಫಲ್ಲಿದ್ದ ಅಪ್ಪನೋ ತಾತನೋ ದೊಡ್ಡಪ್ಪನೋ ಇದ್ರೆ ಅವರ ಆಲ್ಬಮ್ ಒಂದ್ಸಲ ತೆಗೆದು ನೋಡಿ, ವಿಮಾನದ ಮುಂದೆ ನಿಂತು ತೆಗೆಸಿದ ಫೋಟೋಗಳಲ್ಲಿ ಮೂಲೇಲಿ ಎಲ್ಲೋ ಟಗ್ ಇರುತ್ತೆ. ನಂಬರು ಎಲ್ಲಿ ಬರೀತಿದ್ರು, ಎಷ್ಟು ದೊಡ್ಡ ಅಕ್ಷರ ಅಂತ ಕಾಣೋ ಹಾಗೆ ಒಂದು ಕಾಪಿ ಕಳ್ಸಿಕೊಟ್ರೆ ಅಷ್ಟನ್ನಾದ್ರೂ ಸರಿಯಾಗಿ ಬರೆಸ್ತೀವಿ.