ಮನೆಗೆ ರಕ್ಷೆ ಕಟ್ಟುವ ಮೂಲಿಕೆ ಪೆಟ್ಟಿಗೆ: ಎಲೆಗಳು ವಾಸಿ, ಕೈಪಿಡಿ ಅರೆಬರೆ

ಹೊಸ್ತಿಲ ಮೇಲೆ ಸೊಪ್ಪಿನ ಕಟ್ಟು ಸಿಕ್ಕಿಸುವುದು, ಧೂಪ ಹಾಕಿ ಕೋಣೆಯ ಮಂಕು ಕಳೆಯುವುದು, ಸೀಸೆಯಲ್ಲಿ ಮೊಳೆ ಮತ್ತು ದಾರ ತುಂಬಿ ಬಾಯಿ ಮುಚ್ಚುವುದು ಮುಂತಾದ ಮನೆಮಟ್ಟದ ಮಾಂತ್ರಿಕ ಆಚರಣೆಗಳು ಒಂದು ಕಾಲದಲ್ಲಿ ಹಿರಿಯರ ಬಾಯಿಂದ ಕಿರಿಯರ ಕೈಗೆ ಇಳಿದು ಬರುತ್ತಿದ್ದವು. ಈಗ ಅವು ರಟ್ಟಿನ ಪೆಟ್ಟಿಗೆಯಲ್ಲಿ, ಬಣ್ಣದ ಚಿತ್ರಗಳ ಕೈಪಿಡಿಯೊಂದಿಗೆ ಮಾರಾಟಕ್ಕೆ ಬಂದಿವೆ. ಅಂಥದೊಂದು ಪೆಟ್ಟಿಗೆಯನ್ನು ತರಿಸಿ, ಅದರಲ್ಲಿ ಹೇಳಿರುವ ವಿಧಿಗಳಲ್ಲಿ ಮಾಡಲು ಯೋಗ್ಯವೆನಿಸಿದವನ್ನು ಮಾಡಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಮಾದರಿಯ ಪೆಟ್ಟಿಗೆಗಳನ್ನು ಹಲವರು ಮಾರುತ್ತಿರುವುದರಿಂದ ಇಲ್ಲಿ ಹೇಳುವ ಮಾತುಗಳಲ್ಲಿ ಬಹುಪಾಲು ಅವಕ್ಕೂ ಸಲ್ಲುತ್ತವೆ.

ಪೆಟ್ಟಿಗೆಯೊಳಗೆ ಒಣಗಿದ ಮೂಲಿಕೆಗಳ ಪೊಟ್ಟಣಗಳು, ಬಿಳಿ ಸೇಜ್ ಎಲೆಗಳ ಒಂದು ಧೂಪದ ಕಟ್ಟು, ಕಲ್ಲುಪ್ಪು, ಪುಟ್ಟ ಹತ್ತಿಬಟ್ಟೆಯ ಚೀಲಗಳು, ಕೆಂಪು ದಾರದ ಉಂಡೆ, ಗಿಡ್ಡ ಮೇಣದಬತ್ತಿಗಳು, ಒಂದು ಸುಗಂಧತೈಲದ ಸೀಸೆ ಮತ್ತು ಕೈಪಿಡಿ ಇವೆ. ಮಂತ್ರ ಫಲಿಸುತ್ತದೆಯೇ ಇಲ್ಲವೇ ಎಂಬುದನ್ನು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಆದರೆ ಪೊಟ್ಟಣದ ಮೇಲೆ ಬರೆದ ಗಿಡವೇ ಒಳಗಿದೆಯೇ, ಹೇಳಿದಂತೆ ಮಾಡಿದವರ ಮೈಗೆ ಮನೆಗೆ ಕೇಡಾಗದೆ ಉಳಿಯುತ್ತದೆಯೇ, ವಿಧಿಯನ್ನು ಹೆಣೆದವರಿಗೆ ಅದರ ಹಿನ್ನೆಲೆ ಗೊತ್ತಿದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಹಳೆಯ ಕಾಲದ ಮೂಲಿಕೆ ಮಾಂತ್ರಿಕತೆಯಲ್ಲಿ ಗಿಡದ ಗುರುತು ಮೊದಲು, ಮಂತ್ರ ಆಮೇಲೆ. ಈ ಪೆಟ್ಟಿಗೆ ಆ ಕ್ರಮವನ್ನು ತಲೆಕೆಳಗು ಮಾಡಿದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಮೊದಲು ಒಳ್ಳೆಯದನ್ನು ಹೇಳಬೇಕು. ಲ್ಯಾವೆಂಡರ್ ಹೂಗಳು ಬಣ್ಣ ಕೆಡದೆ ನೆರಳಿನಲ್ಲಿ ಒಣಗಿದಂಥವು. ಬೆರಳಲ್ಲಿ ತಿಕ್ಕಿದರೆ ಕಂಪು ಕೂಡಲೇ ಏಳುತ್ತದೆ, ಪೊಟ್ಟಣದ ತಳದಲ್ಲಿ ಪುಡಿಯೂ ಹೆಚ್ಚಿಲ್ಲ. ರೋಸ್‌ಮೇರಿಯೂ ಹಾಗೆಯೇ: ಸೂಜಿಯಂಥ ಎಲೆಗಳು ಮುರಿಯದೆ ಇಡಿಯಾಗಿವೆ, ಅಡಿಭಾಗದ ಬಿಳಿ ನವಿರು ಕೂಡ ಕಾಣುತ್ತದೆ. ಹೈಪೆರಿಕಮ್ ಪರ್ಫೊರೇಟಮ್, ಅಂದರೆ ಸೇಂಟ್ ಜಾನ್ಸ್ ವರ್ಟ್, ಕಾಂಡಸಮೇತ ಬಂದಿರುವುದು ನನಗೆ ತುಂಬ ಹಿಡಿಸಿತು. ಅದರ ಒಂದು ಎಲೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ತೂತುಗಳಲ್ಲ, ತೈಲ ತುಂಬಿದ ಪಾರದರ್ಶಕ ಗ್ರಂಥಿಗಳು. ಹಸಿ ಮೊಗ್ಗನ್ನು ಹಿಸುಕಿದರೆ ಬೆರಳಿಗೆ ಕೆಂಪು ಬಣ್ಣ ಹತ್ತುತ್ತದೆ. ಎಲೆಯಲ್ಲಿ ಗಾಯದಂಥ ಚುಕ್ಕೆ, ಮೊಗ್ಗಿನಲ್ಲಿ ರಕ್ತದಂಥ ರಸ ಎಂಬ ಕಾರಣಕ್ಕೇ ಯುರೋಪಿನ ಜನ ಇದನ್ನು ಗಾಯಕ್ಕೂ ರಕ್ಷೆಗೂ ಬಳಸಿದರು. ಜೂನ್ 24ರ ಸೇಂಟ್ ಜಾನ್ ಹಬ್ಬದ ಹೊತ್ತಿಗೆ ಬಾಗಿಲು ಕಿಟಕಿಗಳಿಗೆ ಕಟ್ಟಿದರು. ಕೈಪಿಡಿಯಲ್ಲಿ ಇದರ ಬಗ್ಗೆ ಇರುವುದು ‘ಸೂರ್ಯಶಕ್ತಿಯ ಮೂಲಿಕೆ’ ಎಂಬ ಎರಡೇ ಪದ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಎಂದು ಒಂದು ಸಾಲು ಬರೆದಿದ್ದರೆ ಓದುಗನಿಗೆ ಗಿಡವೂ ಗೊತ್ತಾಗುತ್ತಿತ್ತು, ನಂಬಿಕೆ ಹುಟ್ಟಿದ ಬಗೆಯೂ ಗೊತ್ತಾಗುತ್ತಿತ್ತು.

ಲಾರೆಲ್ ಎಲೆಯ ಪೊಟ್ಟಣದಲ್ಲಿ ಮಾತ್ರ ಮೋಸವಿದೆ, ಮೋಸವಲ್ಲದಿದ್ದರೆ ಅಜ್ಞಾನವಿದೆ. ಲೇಬಲ್ಲಿನ ಮೇಲೆ ಲಾರಸ್ ನೊಬಿಲಿಸ್ ಎಂದು ಅಚ್ಚಾಗಿದೆ. ಆ ಮರದ ಎಲೆಗೆ ನಡುವೆ ಒಂದೇ ದಪ್ಪ ನರವಿದ್ದು, ಅದರ ಎರಡೂ ಬದಿಗೆ ಸಣ್ಣ ನರಗಳು ಕವಲೊಡೆಯುತ್ತವೆ. ಒಳಗಿದ್ದ ಎಲೆಗಳಲ್ಲಿ ಬುಡದಿಂದ ತುದಿಯವರೆಗೆ ಮೂರು ನರಗಳು ಉದ್ದಕ್ಕೆ ಓಡಿವೆ, ಮುರಿದರೆ ದಾಲ್ಚಿನ್ನಿಯ ವಾಸನೆ ಬರುತ್ತದೆ. ಅದು ಸಿನ್ನಮೋಮಮ್ ತಮಾಲ, ಬೇರೆಯೇ ಮರ. ಎಲೆಯ ಮೇಲೆ ಆಸೆಯನ್ನು ಬರೆದು ಸುಡುವ ವಿಧಿಗೆ ಇವೆರಡರಲ್ಲಿ ಯಾವುದಾದರೇನು ಎಂದು ಕೇಳಬಹುದು. ಆದರೆ ಪ್ರಾಚೀನ ಗ್ರೀಸಿನಲ್ಲಿ ಅಪೊಲೊ ದೇವರಿಗೆ ಮೀಸಲಾದ ಮರವೆಂಬ ಕತೆಯನ್ನು ಅರ್ಧ ಪುಟ ಹೇಳಿ, ಆ ಕತೆಯ ಬಲದ ಮೇಲೆಯೇ ಎಲೆಯನ್ನು ಮಾರಿ, ಪೊಟ್ಟಣದಲ್ಲಿ ಇನ್ನೊಂದು ಮರದ ಎಲೆಯನ್ನು ಇಟ್ಟರೆ ಮಂತ್ರವನ್ನು ನಂಬುವವರಿಗೇ ಹೆಚ್ಚು ಅನ್ಯಾಯ. ಈ ವಿಷಯವನ್ನು ಬರೆದು ತಿಳಿಸಿದ್ದಕ್ಕೆ ‘ನಿಸರ್ಗದ ಉತ್ಪನ್ನಗಳಲ್ಲಿ ವ್ಯತ್ಯಾಸ ಸಹಜ’ ಎಂಬ ಸಿದ್ಧ ಉತ್ತರ ಬಂತು.

ಬಿಳಿ ಸೇಜ್ ಕಟ್ಟಿನ ಬಗ್ಗೆ ನನ್ನ ತಕರಾರು ಬೇರೆ ಬಗೆಯದು. ಸಾಲ್ವಿಯ ಅಪಿಯಾನ ಎಂಬ ಈ ಗಿಡ ಸಹಜವಾಗಿ ಬೆಳೆಯುವುದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ಮತ್ತು ಅದಕ್ಕೆ ತಾಗಿದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯದಲ್ಲಿ ಮಾತ್ರ. ಚುಮಾಶ್, ಕುಮೆಯಾಯ್ ಮೊದಲಾದ ಮೂಲನಿವಾಸಿ ಸಮುದಾಯಗಳಿಗೆ ಅದು ಪವಿತ್ರ. ಜಗತ್ತಿನ ಎಲ್ಲೆಡೆ ‘ಮನೆ ಶುದ್ಧಿ’ಯ ಧೂಪವಾಗಿ ಬೇಡಿಕೆ ಏರಿದ ಮೇಲೆ ಕಾಡಿನಿಂದ ಅದನ್ನು ಕದ್ದು ಕೊಯ್ಯುವುದೂ ಹೆಚ್ಚಿದೆ. ಕಟ್ಟಿನ ಮೇಲೆ ಇದು ಬೇಸಾಯದ್ದೋ ಕಾಡಿನದ್ದೋ ಎಂಬ ಮಾಹಿತಿಯಿಲ್ಲ. ಕೈಪಿಡಿಯಲ್ಲಿ ಆ ಜನರ ಹೆಸರೂ ಇಲ್ಲ. ರೋಸ್‌ಮೇರಿ ಅಥವಾ ಹಿತ್ತಲಲ್ಲಿ ಬೆಳೆಯುವ ಸಾಮಾನ್ಯ ಸೇಜ್ ಗಿಡದ ಕಟ್ಟನ್ನು ಕೊಟ್ಟಿದ್ದರೆ ಧೂಪಕ್ಕೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಹೊಗೆಯ ಮಾತೂ ಇದೆ. ಕೈಪಿಡಿ ಬಾಗಿಲು ಕಿಟಕಿ ಮುಚ್ಚಿ ಹೊಗೆ ತುಂಬಿಸಿ, ಬಳಿಕ ತೆರೆಯಿರಿ ಎನ್ನುತ್ತದೆ. ಯಾವ ಎಲೆಯ ಹೊಗೆಯಾದರೂ ಅದರಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ; ಅಂಥ ಕಣಗಳು ಒಂದು ದಿನದ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಾರ್ಗಸೂಚಿ ನೀಡಿದೆ. ಆಸ್ತಮಾ ಇರುವವರು ಮತ್ತು ಎಳೆಯ ಮಕ್ಕಳಿರುವ ಮನೆಗೆ ಮುಚ್ಚಿದ ಕೋಣೆಯ ಧೂಪ ಸಲ್ಲದು. ಕಿಟಕಿ ತೆರೆದಿಟ್ಟು ಒಂದೆರಡು ಎಲೆಯನ್ನಷ್ಟೇ ಸುಟ್ಟರೂ ಕೋಣೆಯಲ್ಲಿ ಕಂಪು ಸಾಕಷ್ಟು ಉಳಿಯಿತು.

ಕೈಪಿಡಿಯ ಅತ್ಯುತ್ತಮ ಭಾಗ ರಕ್ಷಾಸೀಸೆಯ ವಿಧಿ. ಗಾಜಿನ ಸಣ್ಣ ಭರಣಿಯಲ್ಲಿ ಉಪ್ಪು, ರೋಸ್‌ಮೇರಿ, ಬಗ್ಗಿಸಿದ ಮೊಳೆಗಳು, ಗಂಟು ಹಾಕಿದ ಕೆಂಪು ದಾರ ಇವನ್ನು ಒಂದರ ಮೇಲೊಂದು ತುಂಬಿ, ಮೇಣದಿಂದ ಬಾಯಿ ಮುಚ್ಚಿ, ಬಾಗಿಲ ಬಳಿ ಕಣ್ಣಿಗೆ ಬೀಳದ ಕಡೆ ಇಡಬೇಕು. ಇದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧ ಹೂಳುತ್ತಿದ್ದ ಸೀಸೆಗಳ ಸೌಮ್ಯ ರೂಪ. ಲಂಡನ್ನಿನ ಗ್ರಿನಿಚ್‌ನಲ್ಲಿ 2004ರಲ್ಲಿ ಮುಚ್ಚಳ ಕಳಚದ ಅಂಥ ಸೀಸೆಯೊಂದು ಸಿಕ್ಕಿತು. ಅದನ್ನು ಪ್ರಯೋಗಾಲಯದಲ್ಲಿ ತೆರೆದು ನೋಡಿದಾಗ ಬಾಗಿದ ಕಬ್ಬಿಣದ ಮೊಳೆಗಳು, ಹಿತ್ತಾಳೆಯ ಗುಂಡುಸೂಜಿಗಳು, ಕೂದಲು, ಉಗುರಿನ ಚೂರುಗಳು, ಗಂಧಕ, ಮೊಳೆ ಚುಚ್ಚಿದ ಚರ್ಮದ ಹೃದಯ ಮತ್ತು ಮನುಷ್ಯನ ಮೂತ್ರ ಇದ್ದವು. ಮೂತ್ರದಲ್ಲಿ ನಿಕೋಟಿನ್‌ನಿಂದ ಉಂಟಾಗುವ ಅಂಶವೂ ಪತ್ತೆಯಾಯಿತು. ಮಾಟಕ್ಕೆ ಹೆದರಿದ್ದ ಆ ವ್ಯಕ್ತಿ ತಂಬಾಕಿಗೆ ಹೆದರಿರಲಿಲ್ಲವೆಂದು ಕಾಣುತ್ತದೆ. ಮೈಯಿಂದ ಬೇರೆಯಾದ ಕೂದಲು ಉಗುರುಗಳು ಮೈಯ ನಂಟನ್ನು ಉಳಿಸಿಕೊಂಡಿರುತ್ತವೆ, ಹೋಲಿಕೆಯುಳ್ಳದ್ದು ಹೋಲಿಕೆಯುಳ್ಳದ್ದರ ಮೇಲೆ ಪರಿಣಾಮ ಮಾಡುತ್ತದೆ ಎಂಬ ಎರಡು ತತ್ತ್ವಗಳನ್ನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಮಾಂತ್ರಿಕತೆಯ ಬಗ್ಗೆ ಬರೆದ 1890ರ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಈ ಸೀಸೆಯಲ್ಲಿ ಎರಡೂ ಒಟ್ಟಿಗೆ ಇವೆ. ಕೈಪಿಡಿ ಮೂತ್ರವನ್ನು ಕೈಬಿಟ್ಟದ್ದು ಸರಿಯೇ. ಮೊಳೆಯನ್ನು ಉಳಿಸಿಕೊಂಡದ್ದು ಇನ್ನೂ ಸರಿ. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸುವಾಗ ಕೈಗೆ ಸಿಗುವ ಪ್ರತಿರೋಧ, ದಾರದ ಒಂದೊಂದು ಗಂಟಿಗೂ ಒಂದೊಂದು ಚಿಂತೆಯನ್ನು ಹೆಸರಿಟ್ಟು ಕಟ್ಟಬೇಕೆಂಬ ಸೂಚನೆ, ಇವು ಮನಸ್ಸನ್ನು ಒಂದೆಡೆ ನಿಲ್ಲಿಸುತ್ತವೆ.

ಇಂಥ ವಿಧಿಗಳಿಂದ ಏನು ಪ್ರಯೋಜನ ಎನ್ನುವವರಿಗೆ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು ಒಂದು ಉತ್ತರ. ಅಲ್ಲಿನವರು ಶಾಂತವಾದ ಒಳಕಡಲಿನಲ್ಲಿ, ನಂಬಿಕಸ್ಥ ವಿಧಾನದಿಂದ ಮೀನು ಹಿಡಿಯುವಾಗ ಯಾವ ಮಂತ್ರವನ್ನೂ ಹೇಳುತ್ತಿರಲಿಲ್ಲ. ಅಪಾಯವೂ ಅನಿಶ್ಚಿತತೆಯೂ ತುಂಬಿದ ಹೊರಕಡಲಿಗೆ ಇಳಿಯುವಾಗ ಮಾತ್ರ ವಿಸ್ತಾರವಾದ ಮಾಂತ್ರಿಕ ವಿಧಿಗಳನ್ನು ಮಾಡುತ್ತಿದ್ದರು. ಮನುಷ್ಯ ತನ್ನ ಕೈ ಮೀರಿದ ಕಡೆ ಕೈಗೊಂದು ಕೆಲಸ ಕೊಡುತ್ತಾನೆ. ಹೊಸ ಮನೆಗೆ ಬಂದವರು, ಮನೆಯಲ್ಲಿ ಸಾವು ಕಂಡವರು, ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು ಈ ಸೀಸೆಯನ್ನು ಕಟ್ಟಿದರೆ ಅದನ್ನು ಮೂಢತನವೆಂದು ನಗಲು ನಾನು ಸಿದ್ಧನಿಲ್ಲ. ಚಿಕಿತ್ಸೆಯ ಬದಲಿಗೆ ಕಟ್ಟಿದರೆ ಮಾತು ಬೇರೆ.

ಆ ‘ಬದಲಿಗೆ’ಯ ಗಡಿಯಲ್ಲಿಯೇ ಕೈಪಿಡಿ ಎಡವುತ್ತದೆ. ಸೇಂಟ್ ಜಾನ್ಸ್ ವರ್ಟ್ ಸೊಪ್ಪನ್ನು ಕುದಿಸಿ ‘ದುಃಖನಿವಾರಕ ಕಷಾಯ’ವಾಗಿ ದಿನವೂ ಕುಡಿಯಬಹುದೆಂದು ಅದು ಬರೆಯುತ್ತದೆ. ಬಾಗಿಲಿಗೆ ಕಟ್ಟುವ ಸೊಪ್ಪು ಹೊಟ್ಟೆಗೆ ಇಳಿದ ಕ್ಷಣದಿಂದ ಅದು ಔಷಧ. ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಈ ಮೂಲಿಕೆ ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್ ಮುಂತಾದವುಗಳ ಪರಿಣಾಮ ತಗ್ಗುತ್ತದೆ. ಖಿನ್ನತೆಗೆ ಈಗಾಗಲೇ ಮಾತ್ರೆ ನುಂಗುತ್ತಿರುವವರಲ್ಲಿ ಸಿರೊಟೋನಿನ್ ಎಂಬ ನರರಾಸಾಯನಿಕ ಅಪಾಯಕರ ಮಟ್ಟಕ್ಕೆ ಏರಬಹುದು. ಕೈಪಿಡಿಯಲ್ಲಿ ಇದರ ಸುಳಿವೂ ಇಲ್ಲ.

ನಾಗದಾಳಿಯ ವಿಧಿಯನ್ನಂತೂ ಹರಿದು ಬಿಸಾಡಬೇಕು. ಕುಂಡದಲ್ಲಿ ಬೆಳೆಸಿದ ಗಿಡದ ಹಸಿ ಎಲೆಯನ್ನು ಅರೆದು ಎರಡೂ ಮಣಿಕಟ್ಟಿಗೆ ಗೆರೆ ಎಳೆದು, ಬೆಳಗಿನ ಬಿಸಿಲಿಗೆ ಮುಖ ಮಾಡಿ ನಿಲ್ಲಬೇಕಂತೆ. ಈ ಗಿಡದ ರಸದಲ್ಲಿರುವ ಫ್ಯೂರಾನೊಕೌಮರಿನ್ ಎಂಬ ರಾಸಾಯನಿಕಗಳು ಬಿಸಿಲಿನೊಂದಿಗೆ ಸೇರಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಲೆ ಬಹುಕಾಲ ಉಳಿಯುತ್ತದೆ. ರಕ್ಷೆಯೆಂದು ಹೇಳಿ ಗಾಯ ಮಾಡಿಸುವ ಈ ಪುಟವನ್ನು ಬರೆದವರು ಆ ಗಿಡವನ್ನು ಕೈಯಿಂದ ಮುಟ್ಟಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಹಳೆಯ ಕಾಲದ ಮೂಲಿಕೆಯವರಿಗೆ ಇದು ಎಚ್ಚರದಿಂದ ಮುಟ್ಟುವ, ಬಸುರಿಯರಿಂದ ದೂರವಿಡುವ ಗಿಡ. ಪೊಟ್ಟಣದಲ್ಲಿರುವ ಒಣ ನಾಗದಾಳಿಯನ್ನು ಬಟ್ಟೆಚೀಲದಲ್ಲಿ ಕಟ್ಟಿ ತೂಗುಹಾಕುವುದಕ್ಕೆ ಅಡ್ಡಿಯಿಲ್ಲ, ಬಾಯಿಗೆ ಹಾಕಬಾರದು.

ಸುಗಂಧತೈಲದ ಸೀಸೆಯ ಮೇಲೆ ಟೀ ಟ್ರೀ ಮತ್ತು ಪುದೀನ ಎಂದು ಬರೆದಿದ್ದು, ಅದನ್ನು ನೆಲ ಒರೆಸುವ ನೀರಿಗೆ ಬೆರೆಸಿರಿ ಎಂಬ ಸೂಚನೆಯಿದೆ. ಬೆಕ್ಕು ಸಾಕಿದವರು ಹಾಗೆ ಮಾಡಬಾರದು. ಇಂಥ ತೈಲಗಳನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನೆಲದಲ್ಲಿ ಹೊರಳಿ, ಮೈ ನೆಕ್ಕಿಕೊಂಡರೆ ವಿಷವೇರುತ್ತದೆ. ಪ್ಲೇಗಿನ ಕಾಲದಲ್ಲಿ ಮೂಲಿಕೆ ನೆನೆಸಿದ ವಿನೆಗರಿನಿಂದ ರೋಗ ತಗಲದೆ ಉಳಿದರೆನ್ನುವ ನಾಲ್ವರು ಕಳ್ಳರ ಕತೆಯೊಂದಿಗೆ ಕೊಟ್ಟಿರುವ ವಿನೆಗರ್ ಪಾಕ ವಾಸಿ: ವಿನೆಗರಿನಲ್ಲಿ ರೋಸ್‌ಮೇರಿ, ಲ್ಯಾವೆಂಡರ್ ನೆನೆಸಿ ಸೋಸಿದ ನೀರು ಹೊಸ್ತಿಲಿಗೆ ಚೆನ್ನಾಗಿಯೇ ಒಪ್ಪುತ್ತದೆ. ಅಮೃತಶಿಲೆಯ ನೆಲವನ್ನು ಮಾತ್ರ ಆಮ್ಲ ತಿನ್ನುತ್ತದೆ, ಹೊಳಪು ಹೋಗುತ್ತದೆ. ಮನೆಯ ಸುತ್ತ ಮಣ್ಣಿಗೆ ಉಪ್ಪು ಚೆಲ್ಲುವ ವಿಧಿಯೂ ಗಿಡಗಳ ಪಾಲಿಗೆ ಶಾಪವೇ. ಬಟ್ಟಲಲ್ಲಿಟ್ಟು ಮೂಲೆಗಿಟ್ಟರೆ ಸಾಕು. ಮೇಣದಬತ್ತಿಗಳು ಸಾಧಾರಣ.

ಚರಿತ್ರೆಯ ವಿಷಯದಲ್ಲಿ ಕೈಪಿಡಿಯದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಎಲ್ಲವೂ ‘ಪುರಾತನ’, ಎಲ್ಲವೂ ‘ಪೂರ್ವಜರದು’. ಹೆಸರು ಹಿಡಿದು ಹೇಳಿದ ಒಂದೇ ಕಡೆಯಲ್ಲೂ ತಪ್ಪಿದೆ: ಹಳೆಯ ಇಂಗ್ಲಿಷಿನ ಒಂಬತ್ತು ಮೂಲಿಕೆಗಳ ಮಂತ್ರವನ್ನು ಗೃಹರಕ್ಷೆಯ ಮಂತ್ರವೆಂದು ಕೊಟ್ಟಿದ್ದಾರೆ. ಸುಮಾರು ಸಾವಿರ ವರ್ಷ ಹಿಂದಿನ ಹಸ್ತಪ್ರತಿಯಲ್ಲಿ ಉಳಿದು ಬಂದಿರುವ ಆ ಮಂತ್ರ ವಿಷಕ್ಕೂ ಸೋಂಕಿಗೂ ಹೇಳುವಂಥದು. ಮಾಚಿಪತ್ರೆಯ ಜಾತಿಯ ಗಿಡ, ಬಾಳೆಗೆ ಸಂಬಂಧವಿಲ್ಲದ ಪ್ಲಾಂಟೇನ್ ಎಂಬ ದಾರಿಬದಿಯ ಸೊಪ್ಪು ಮೊದಲಾದವನ್ನು ಹೆಸರಿಟ್ಟು ಕರೆದು, ಒಂದೊಂದು ಮೂಲಿಕೆಯ ಮೇಲೂ ಮೂರು ಸಲ ಹಾಡಿ, ಆಮೇಲೆ ಅವನ್ನು ಅರೆದು ಮುಲಾಮು ಮಾಡಬೇಕೆಂದು ಅದರಲ್ಲಿ ವಿಧಿಸಿದೆ. ಮಂತ್ರವಾದಿಗೆ ಅಲ್ಲಿ ಗಿಡಗಳ ಪರಿಚಯ ಇದ್ದೇ ತೀರಬೇಕು. ಕೈಪಿಡಿಯ ಓದುಗನಿಗೆ ಪೊಟ್ಟಣ ಕತ್ತರಿಸಲು ಬಂದರೆ ಸಾಕು.

ಧನಾಕರ್ಷಣೆ, ವಶೀಕರಣ ಎಂಬ ಅಧ್ಯಾಯಗಳನ್ನು ಓದಿ ಮುಚ್ಚಿದೆ. ಒಬ್ಬರ ಮನಸ್ಸನ್ನು ಅವರಿಗೆ ತಿಳಿಯದಂತೆ ತಿರುಗಿಸುವ ವಿಧಿಗೆ ಗೃಹೋಪಯೋಗಿ ಪೆಟ್ಟಿಗೆಯಲ್ಲಿ ಜಾಗವಿರಬಾರದು.

ಈ ಪೆಟ್ಟಿಗೆ ಉಡುಗೊರೆಯಾಗಿ ಬಂದಿದ್ದರೆ ರಕ್ಷಾಸೀಸೆಯನ್ನೂ ಬಾಗಿಲಿನ ಬಟ್ಟೆಚೀಲವನ್ನೂ ಮಾಡಿ ನೋಡಿ. ಕಷಾಯದ, ಹಸಿ ನಾಗದಾಳಿಯ ಮತ್ತು ಮುಚ್ಚಿದ ಕೋಣೆಯ ಧೂಪದ ಪುಟಗಳನ್ನು ಬಿಟ್ಟುಬಿಡಿ. ಹಣ ಕೊಟ್ಟು ಕೊಳ್ಳುವವರು ಒಂದು ರೋಸ್‌ಮೇರಿ ಗಿಡವನ್ನು ಕುಂಡದಲ್ಲಿ ನೆಟ್ಟು, ಹೂ ಬಿಡುವ ಮುಂಚೆ ತುದಿಗಳನ್ನು ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ಕಟ್ಟಿ ಒಣಗಿಸಿಕೊಂಡರೆ ಇದಕ್ಕಿಂತ ಹೆಚ್ಚು ದಿನ ಕಂಪು ಉಳಿಯುವ ಸೊಪ್ಪು ಸಿಗುತ್ತದೆ. ತಯಾರಕರು ಪೊಟ್ಟಣಗಳನ್ನು ಬಿಡಿಯಾಗಿ ಮಾರುವುದಾದರೆ ಲ್ಯಾವೆಂಡರನ್ನೂ ಕೆಂಪು ದಾರದ ಉಂಡೆಯನ್ನೂ ನಾನು ಮತ್ತೆ ತರಿಸಿಕೊಳ್ಳುತ್ತೇನೆ. ಲೇಬಲ್ ಸರಿಪಡಿಸಿ, ಕೈಪಿಡಿಯನ್ನು ಗಿಡ ಬಲ್ಲವರಿಂದ ಮತ್ತೆ ಬರೆಸುವ ತನಕ ಇಡೀ ಪೆಟ್ಟಿಗೆಯನ್ನು ಕೊಳ್ಳಲಾರೆ.