ಹಾರ್ಡ್ ಕೋರ್ಟಿನಲ್ಲಿ ಜಾರುವುದೋ, ಪುಟ್ಟ ಹೆಜ್ಜೆ ಹಾಕುವುದೋ?

ಟೆನಿಸ್ ಆಡುವಾಗ ಬಲ ಅಂಚಿಗೆ ಬಿದ್ದ ಚೆಂಡನ್ನು ಓಡಿ ತಲುಪುವುದು ನನಗೆಂದೂ ಕಷ್ಟವಾಗಿಲ್ಲ. ಕಷ್ಟ ಇರುವುದು ಆಮೇಲೆ. ಹೊಡೆದಾದ ಮೇಲೂ ಮೈ ತನ್ನ ಪಾಡಿಗೆ ಎರಡು ಮೂರು ಹೆಜ್ಜೆ ಬೇಲಿಯ ಕಡೆ ಓಡುತ್ತದೆ. ತಿರುಗಿ ನೋಡುವಷ್ಟರಲ್ಲಿ ಎದುರಾಳಿ ಖಾಲಿ ಬಿದ್ದ ಎಡಭಾಗಕ್ಕೆ ಚೆಂಡು ತಳ್ಳಿ ಆಗಿರುತ್ತದೆ. ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್, ಅಂದರೆ ನಡುವಿನಿಂದ ಪಕ್ಕದ ಗೆರೆಗೆ ನಾಲ್ಕು ಮೀಟರ್ ಚಿಲ್ಲರೆ. ಅಷ್ಟರಲ್ಲಿ ಎರಡು ಹೆಜ್ಜೆ ಹಾಳಾದರೆ ಪಾಯಿಂಟೇ ಹೋದಂತೆ.

ಇದಕ್ಕೆ ಎರಡು ಮದ್ದು ಹೇಳುತ್ತಾರೆ. ಒಂದು ಹಳೆಯದು: ಚೆಂಡಿನ ಹತ್ತಿರ ಬರುತ್ತಿದ್ದಂತೆ ಹೆಜ್ಜೆ ಚಿಕ್ಕದು ಮಾಡುತ್ತಾ ವೇಗ ಇಳಿಸಿ, ನಿಂತು ಹೊಡೆಯುವುದು. ಇನ್ನೊಂದು ಜಾರುವುದು. ಕಿಮ್ ಕ್ಲೈಸ್ಟರ್ಸ್ ಕಾಲುಗಳನ್ನು ನೆಲಕ್ಕೆ ತಾಗುವಷ್ಟು ಚಾಚಿ ಹಾರ್ಡ್ ಕೋರ್ಟಿನಲ್ಲಿ ಜಾರುತ್ತಿದ್ದರು. ಆಮೇಲೆ ಜೊಕೊವಿಚ್, ಮೊನ್‌ಫಿಸ್, ಈಗ ಅಲ್ಕರಾಜ್, ಸಿನ್ನರ್. ಟಿವಿಯಲ್ಲಿ ನೋಡಿದರೆ ಬಹಳ ಸಲೀಸು. ನಾನು ಎರಡು ತಿಂಗಳು ಎರಡನ್ನೂ ಆಡಿ ನೋಡಿದೆ. ಗೆಳೆಯ ಬುಟ್ಟಿಯಿಂದ ಒಂದೇ ಜಾಗಕ್ಕೆ ಚೆಂಡು ಕೊಡುತ್ತಿದ್ದ. ಹತ್ತು ಜಾರಿ, ಹತ್ತು ಹೆಜ್ಜೆ ಹಾಕಿ. ಹೊಡೆದ ಮೇಲೆ ನನ್ನ ಮುಂದಿನ ಸ್ಪ್ಲಿಟ್ ಸ್ಟೆಪ್ (ಮುಂದಿನ ಚೆಂಡಿಗೆ ಸಜ್ಜಾಗಲು ಕಾಲಗಲಿಸಿ ಹಾಕುವ ಪುಟ್ಟ ಜಿಗಿತ) ಎಲ್ಲಿ ಬೀಳುತ್ತದೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕುವುದೂ ಅವನ ಕೆಲಸ. ಹೊಡೆತ ಎಷ್ಟು ಚೆಂದ ಅನ್ನುವುದಕ್ಕಿಂತ ಆ ಗುರುತನ್ನೇ ನಂಬಿದೆ.

ಪುಟ್ಟ ಹೆಜ್ಜೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಯಾವ ಬೂಟಿನಲ್ಲೂ ನಡೆಯುತ್ತದೆ, ಯಾವ ಅಂಕಣದಲ್ಲೂ ನಡೆಯುತ್ತದೆ. ಚೆಂಡು ತಾಗುವಾಗ ತಲೆ ಅಲುಗುವುದಿಲ್ಲ, ಹೊಡೆತ ಎದುರಾಳಿಯ ಬೇಸ್‌ಲೈನ್, ಅಂದರೆ ಹಿಂಬದಿಯ ಗೆರೆ, ತನಕ ಹೋಗುತ್ತದೆ. ಆದರೆ ಚೆಂಡು ನಿಜಕ್ಕೂ ದೂರ ಇದ್ದಾಗ ಹೆಜ್ಜೆ ಚಿಕ್ಕದು ಮಾಡಲು ಪುರುಸೊತ್ತೇ ಇರುವುದಿಲ್ಲ. ಆಗ ಒಂದೇ ಕಾಲಿನ ಮೇಲೆ ಧಡಕ್ಕನೆ ನಿಲ್ಲಬೇಕು. ಆ ಪೆಟ್ಟೆಲ್ಲ ಮೊಣಕಾಲಿಗೆ, ಹೆಬ್ಬೆರಳಿಗೆ. ನನ್ನ ಬಲ ಹೆಬ್ಬೆರಳ ಉಗುರು ಕಪ್ಪಾಗಿದ್ದು ಹೀಗೇ.

ಜಾರುವ ಕಥೆ ಉದ್ದ. ಮೊದಲ ಎರಡು ವಾರ ಬೂಟು ಕಿರ್ ಎಂದು ಕಿರುಚಿ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಕ್ಲೇ ಕೋರ್ಟಿನಲ್ಲಿ ಕಾಲಡಿ ಇಟ್ಟಿಗೆಯ ಪುಡಿ ಉರುಳುತ್ತದೆ, ಜಾರಲು ಅದೇ ಸಹಾಯ. ಹಾರ್ಡ್ ಕೋರ್ಟ್ ಅಂದರೆ ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣ. ಅಲ್ಲಿ ಮರಳು ಅಂಟಿಕೊಂಡಿದೆ, ಉರುಳುವುದಿಲ್ಲ. ಜೋರಾಗಿ ಓಡಿದರೆ ತಾನಾಗಿ ಜಾರುತ್ತದೆ ಅಂದುಕೊಂಡಿದ್ದೆ, ತಪ್ಪು. ನಿಂತ ಬೂಟನ್ನು ಕದಲಿಸಲು ಬೇಕಾದ ಬಲ ಹೆಚ್ಚು, ಜಾರುತ್ತಿರುವುದನ್ನು ಜಾರಿಸಿಕೊಂಡು ಹೋಗಲು ಕಡಿಮೆ. ಹಾಗಾಗಿ ಬೂಟು ನೆಲದ ಮೇಲೆ ನಿಲ್ಲಲೇಬಾರದು, ತಾಗುವ ಮೊದಲೇ ಪಕ್ಕಕ್ಕೆ ಚಲಿಸುತ್ತಿರಬೇಕು. ಕಾಲನ್ನು ಮೇಲಿಂದ ಊರಿದರೆ ಕಚ್ಚುತ್ತದೆ, ನೆಲ ಒರೆಸುವ ಕೈಯ ಹಾಗೆ ಸವರಿಕೊಂಡು ಬಂದರೆ ಜಾರುತ್ತದೆ.

ಜೊತೆಗೆ ಕಾಲು ಮೈಯಿಂದ ದೂರ ಬೀಳಬೇಕು. ಕಾಲು ಸೊಂಟದ ಕೆಳಗೇ ಬಿದ್ದರೆ ಭಾರ ನೇರ ಕೆಳಕ್ಕೆ ಒತ್ತಿ ಬೂಟನ್ನು ಹಿಡಿದುಬಿಡುತ್ತದೆ. ಬಲಗಾಲು ಮುಂದಕ್ಕೆ ಚಾಚಿ, ಸೊಂಟ ಹಿಂದೆ ಉಳಿದಾಗ ಮಾತ್ರ ತಳ್ಳುವ ಬಲ ಘರ್ಷಣೆಯನ್ನು ಮೀರುತ್ತದೆ. ಹೆದರಿಕೆ ಹೇಳುವುದು ಇದರ ತದ್ವಿರುದ್ಧ: ಕಾಲು ಹತ್ತಿರ ಇಟ್ಟುಕೋ, ನೆಟ್ಟಗೆ ನಿಲ್ಲು. ಹೆದರಿದ ದಿನವೆಲ್ಲ ಬೂಟು ಕಚ್ಚಿದೆ.

ಮೂರನೇ ವಾರ ಬಿದ್ದೆ. ಬಲಕ್ಕೆ ಜಾರುವಾಗ ಬಲ ಬೂಟಿನ ಒಳ ಅಂಚು ನೆಲ ಸವರಬೇಕು, ಹೊರ ಅಂಚು ಕೂದಲೆಳೆಯಷ್ಟು ಎದ್ದಿರಬೇಕು. ಅವತ್ತು ಹೊರ ಅಂಚು ಮೊದಲು ತಾಗಿತು. ಬೂಟು ನಿಂತಿತು, ನಾನು ನಿಲ್ಲಲಿಲ್ಲ, ಪಾದ ಒಳಕ್ಕೆ ಮಡಚಿತು. ಕಾಲು ಉಳುಕಿ ಹತ್ತು ದಿನ ಮನೆಯಲ್ಲಿ. ಪುಟ್ಟ ಹೆಜ್ಜೆ ತಪ್ಪಿದರೆ ಒಂದು ಪಾಯಿಂಟ್ ಹೋಗುತ್ತದೆ. ಜಾರುವುದು ತಪ್ಪಿದರೆ ಹೀಗೆ.

ವಾಪಸ್ ಬಂದ ಮೇಲೆ ಸುಣ್ಣದ ಗುರುತುಗಳು ಇನ್ನೊಂದು ವಿಷಯ ತೋರಿಸಿದವು. ಹೊಡೆದ ಮೇಲೆ ಜಾರಿದರೆ ಏನೂ ಲಾಭವಿಲ್ಲ, ಓಡಿ ಕಳೆದುಕೊಳ್ಳುತ್ತಿದ್ದ ಎರಡು ಹೆಜ್ಜೆಯನ್ನೇ ಜಾರಿ ಕಳೆದುಕೊಂಡ ಹಾಗೆ. ಜಾರುತ್ತಲೇ ರಾಕೆಟ್ ಬೀಸಿ, ಚೆಂಡು ತಾಗುವುದೂ ಬೂಟು ನಿಲ್ಲುವುದೂ ಒಟ್ಟಿಗೆ ಆದರೆ, ಚಾಚಿದ ಅದೇ ಕಾಲಿನಿಂದ ನೆಲ ಒದ್ದು ನಡುವಿಗೆ ಮರಳಬಹುದು. ಅಂಥ ಚೆಂಡುಗಳಲ್ಲಿ ಗುರುತು ಹೆಚ್ಚುಕಡಿಮೆ ಒಂದು ಹೆಜ್ಜೆ ನಡುವಿಗೆ ಹತ್ತಿರ ಬಿತ್ತು. ಹತ್ತರಲ್ಲಿ ಇಂಥವು ನಾಲ್ಕೈದು ಅಷ್ಟೇ, ಸುಳ್ಳು ಹೇಳುವುದಿಲ್ಲ.

ಬೂಟನ್ನೂ ಬದಲಿಸಿ ನೋಡಿದೆ. ಹೊಸ ಜೋಡಿಯ ಅಡಿಯಲ್ಲಿ ಮೀನಿನ ಮುಳ್ಳಿನಂಥ ಗೆರೆಗಳು ಆಳವಾಗಿದ್ದವು: ಪುಟ್ಟ ಹೆಜ್ಜೆಗೆ ಹೇಳಿ ಮಾಡಿಸಿದ್ದು, ಜಾರಲು ಮಹಾ ಹಟಮಾರಿ. ಅರ್ಧ ಸವೆದ ಹಳೆ ಜೋಡಿ ಜಾರಿದ ಹಾಗೆ ಅದು ಜಾರಲೇ ಇಲ್ಲ. ಪೂರ್ತಿ ಬೋಳಾದದ್ದನ್ನು ಮಾತ್ರ ಹಾಕಿಕೊಳ್ಳಬೇಡಿ; ಧೂಳು ಕೂತ ಮೂಲೆಯಲ್ಲಿ ಕೇಳದೆಯೇ ಜಾರಿಸುತ್ತದೆ. ಅಂಕಣವೂ ಅಷ್ಟೇ ಮುಖ್ಯ. ಆಸ್ಟ್ರೇಲಿಯನ್ ಓಪನ್‌ನಲ್ಲಿ 2007ರವರೆಗೆ ಇದ್ದ ರೀಬೌಂಡ್ ಏಸ್ ಬಿಸಿಲಿಗೆ ಅಂಟಂಟಾಗಿ ಕಾಲು ಹಿಡಿಯುತ್ತದೆ ಎಂದು ಆಟಗಾರರು ಗೊಣಗುತ್ತಿದ್ದರು. ನನ್ನ ಅನುಭವದಲ್ಲಿ ಹೊಸದಾಗಿ ಬಣ್ಣ ಬಳಿದ ಅಂಕಣ ಒರಟು, ಮರಳುಕಾಗದದಂತೆ. ಅಲ್ಲಿ ಜಾರುವ ಯೋಚನೆಯನ್ನೇ ಬಿಟ್ಟಿದ್ದೇನೆ. ಹಳೆಯದು, ನುಣುಪಾದದ್ದು ಸಿಕ್ಕರೆ ವಾರ್ಮಪ್‌ನಲ್ಲೇ ಒಮ್ಮೆ ಮೆಲ್ಲಗೆ ಸವರಿ ನೋಡುತ್ತೇನೆ.

ಈಗ ನಾನು ಆಡುವುದು ಹೀಗೆ. ಬಲಕ್ಕೆ ದೂರ ಬಿದ್ದ ಫೋರ್‌ಹ್ಯಾಂಡ್‌ಗೆ ಜಾರುತ್ತೇನೆ. ಕೈಗೆಟುಕುವ ಚೆಂಡಿಗೆಲ್ಲ ಪುಟ್ಟ ಹೆಜ್ಜೆಯೇ. ಶೋಕಿಗಾಗಿ ಜಾರಿದಾಗೆಲ್ಲ ಚೆಂಡು ಮೈಗೆ ಅಂಟಿ ಬಂದಿದೆ. ನೆಟ್ ಪಕ್ಕದಲ್ಲೇ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್‌ಗೂ ಹೆಜ್ಜೆಯೇ ವಾಸಿ, ಮುಂದಕ್ಕೆ ಜಾರಿ ನೆಟ್ ಮುಟ್ಟಿದರೆ ಪಾಯಿಂಟ್ ಎದುರಾಳಿಯದ್ದು. ಬ್ಯಾಕ್‌ಹ್ಯಾಂಡ್‌ನಲ್ಲಿ ಜೊಕೊವಿಚ್ ಎಡಗಾಲು ಚಾಚಿ ಜಾರಿಬಿಡುತ್ತಾರೆ. ನನ್ನ ಎಡ ತೊಡೆಸಂದು ಅದಕ್ಕೆ ಒಪ್ಪಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಹೀಗಾಗಿ ಬಲ ಬೂಟಿನ ಒಳ ಅಂಚು ತೂತು ಬಿದ್ದು ಜೋಡಿಯನ್ನು ಎಸೆಯುವ ಹೊತ್ತಿಗೆ ಎಡ ಬೂಟಿನ ಗೆರೆಗಳು ಇನ್ನೂ ಎಣಿಸುವ ಹಾಗಿರುತ್ತವೆ.