ಪೊಂಪದೂರ್ ಲೇಸ್, ಬ್ಲಾವ್ ಗುಂಡಿ

ಲಂಡನ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ಎರಡು ದಿನ ಚಿತ್ರ ನೋಡಲಿಕ್ಕೆ ಅಂತಲೇ ತೆಗೆದಿಟ್ಟಿದ್ದೆ. 18ನೇ ಶತಮಾನದ ಫ್ರಾನ್ಸಿನ ಅಲಂಕಾರ ತುಂಬಿದ ಚಿತ್ರಶೈಲಿ ರೊಕೊಕೊ, ಅದನ್ನು ಪಕ್ಕಕ್ಕೆ ತಳ್ಳಿ ಬಂದ, ಗ್ರೀಕ್-ರೋಮನ್ ಮಾದರಿಯ ಸರಳ ಶೈಲಿ ನಿಯೋಕ್ಲಾಸಿಕಲ್. ಇವೆರಡರಲ್ಲಿ ಯಾವುದು ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸುತ್ತೆ ಅಂತ ನೋಡಬೇಕಿತ್ತು. ಒಂದೊಂದು ಚಿತ್ರಕ್ಕೂ ಅರ್ಧ ಗಂಟೆ. ಕೈಯಲ್ಲಿ ಪೆನ್ಸಿಲ್. ಬಟ್ಟೆಯ ಒಂದು ನೆರಿಗೆಯನ್ನಾದರೂ ಬಿಡಿಸಲೇಬೇಕು.

ಮೊದಲು ವಾಲೆಸ್ ಕಲೆಕ್ಷನ್ ಎಂಬ ಮ್ಯೂಸಿಯಂ. ರೊಕೊಕೊ ಚಿತ್ರಕಾರ ಫ್ರಾಗೊನಾರ್ 1767ರ ಸುಮಾರಿಗೆ ಬಿಡಿಸಿದ ‘ಉಯ್ಯಾಲೆ’ ಅಲ್ಲಿದೆ. ಚಿಕ್ಕ ಚಿತ್ರ, ಎತ್ತರ 81 ಸೆಂಟಿಮೀಟರ್, ಅಗಲ 64. 2021ರಲ್ಲಿ ಸ್ವಚ್ಛ ಮಾಡಿದ ಮೇಲೆ ಬಣ್ಣಗಳು ತೊಳೆದ ಹಾಗೆ ಹೊಳೆಯುತ್ತಿವೆ. ಗುಲಾಬಿ ಲಂಗ ಅರಳಿದೆ, ಒಂದು ಚಪ್ಪಲಿ ಗಾಳಿಯಲ್ಲಿ ಹಾರಿದೆ, ಪೊದೆಯಲ್ಲಿ ಒರಗಿದ ಹುಡುಗ ಮೇಲಕ್ಕೆ ನೋಡುತ್ತಿದ್ದಾನೆ. ಕಲ್ಲಿನ ಮನ್ಮಥ ತುಟಿಗೆ ಬೆರಳಿಟ್ಟು ‘ಶ್’ ಅನ್ನುತ್ತಿದ್ದಾನೆ. ಮೊದಲ ಹತ್ತು ನಿಮಿಷ ತುಂಬಾ ಖುಷಿ. ಆಮೇಲೆ ಹುಡುಗಿಯ ಮುಖ ಗೊಂಬೆಯ ಮುಖದ ಹಾಗೆ ಕಾಣತೊಡಗಿತು. ರೊಕೊಕೊ ಅಂದರೆ ಇಷ್ಟೇ ಅಂದುಕೊಂಡು ಹೊರಬಂದೆ.

ಮರುದಿನ ನ್ಯಾಷನಲ್ ಗ್ಯಾಲರಿಯಲ್ಲಿ ಆ ಅಭಿಪ್ರಾಯ ಉಳಿಯಲಿಲ್ಲ. ಅಲ್ಲಿ ದ್ರುವೇ ಬಿಡಿಸಿದ ಮದಾಂ ದ ಪೊಂಪದೂರ್ ಇದ್ದಾಳೆ. ಫ್ರಾನ್ಸಿನ ರಾಜ 15ನೇ ಲೂಯಿಯ ಗೆಳತಿ, ಆ ಕಾಲದ ಇಡೀ ಅಭಿರುಚಿಯನ್ನೇ ತಿದ್ದಿದವಳು. ಎರಡು ಮೀಟರ್‌ಗೂ ಎತ್ತರದ ಚಿತ್ರ. ಕಸೂತಿ ಚೌಕಟ್ಟಿನ ಮುಂದೆ ಕೂತಿದ್ದಾಳೆ, ಪಕ್ಕದಲ್ಲಿ ಪುಟ್ಟ ನಾಯಿ. ಮೈತುಂಬ ಹೂವಿನ ಗೌನು. ಮೊಣಕೈಯಿಂದ ಇಳಿಬಿದ್ದ ಲೇಸ್ ಪದರಗಳ ಹತ್ತಿರ ಹೋಗಿ ನಿಂತೆ. ಒಂದರ ಕೆಳಗೊಂದು ಪದರ. ಅಷ್ಟೊಂದು ಲೇಸ್ ಇಟ್ಟುಕೊಂಡು ಕಸೂತಿ ಹಾಕೋದು ಹೇಗೆ ಅಂತ ಯೋಚಿಸುತ್ತಾ ಕಣ್ಣು ಮೇಲೆತ್ತಿದರೆ ಸಿಕ್ಕಿದ್ದು ಸುಸ್ತಾದ, ಮೃದುವಾದ, ನಡುವಯಸ್ಸಿನ ಹೆಂಗಸಿನ ಮುಖ. ದ್ರುವೇ ಆ ಮುಖವನ್ನು 1763ರಲ್ಲಿ ಅವಳನ್ನು ಎದುರು ಕೂರಿಸಿಕೊಂಡು ಬೇರೆ ಕ್ಯಾನ್ವಾಸ್ ತುಂಡಿನ ಮೇಲೆ ಬಿಡಿಸಿದ. ಆಮೇಲೆ ದೊಡ್ಡ ಚಿತ್ರಕ್ಕೆ ಜೋಡಿಸಿದ. ಅದು ಪೂರ್ತಿ ಆಗಿದ್ದು 1764ರ ಮೇ ತಿಂಗಳಲ್ಲಿ. ಅವಳು ಏಪ್ರಿಲ್‌ನಲ್ಲೇ ತೀರಿಕೊಂಡಿದ್ದಳು. ಇದು ಗೊತ್ತಿದ್ದರಿಂದ ತಲೆಯ ಸುತ್ತ ಆ ತುಂಡಿನ ಅಂಚು ಹುಡುಕುತ್ತಾ ನಿಂತೆ. ಅರ್ಧ ಗಂಟೆ ಮುಗಿದದ್ದೇ ತಿಳಿಯಲಿಲ್ಲ.

ಅದೇ ಕಟ್ಟಡದಲ್ಲಿ ನಿಯೋಕ್ಲಾಸಿಕಲ್ ಚಿತ್ರಕಾರ ಡಾವಿಡ್ ಬಿಡಿಸಿದ ಯಾಕೋಬಸ್ ಬ್ಲಾವ್ ಇದ್ದಾನೆ. ಕಾಲ 1795. ಈ ನಡುವೆ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ಊರು ಪೊಂಪೆಯಲ್ಲಿ ಅಗೆದು ತೆಗೆದದ್ದನ್ನು ನೋಡಿ ಯುರೋಪಿಗೆ ಗ್ರೀಕ್-ರೋಮನ್ ಹುಚ್ಚು ಹಿಡಿದಿತ್ತು. ಫ್ರಾನ್ಸಿನಲ್ಲಿ ಕ್ರಾಂತಿ ಆಗಿ ರಾಜ 16ನೇ ಲೂಯಿಯ ತಲೆ ಉರುಳಿತ್ತು. ಅದಕ್ಕೆ ಮತ ಹಾಕಿದವರಲ್ಲಿ ಡಾವಿಡ್ ಕೂಡ ಒಬ್ಬ. ಬ್ಲಾವ್ ಡಚ್ ರಾಯಭಾರಿ. ಹಿಂದೆ ಖಾಲಿ ಗೋಡೆ. ನೀಲಿ ಕೋಟು, ಹಿತ್ತಾಳೆ ಗುಂಡಿ, ಕೈಯಲ್ಲಿ ಗರಿಯ ಲೇಖನಿ. ಬರೆಯುತ್ತಾ ಇದ್ದವನು ಒಂದು ಗಳಿಗೆ ನಿಲ್ಲಿಸಿದ್ದಾನೆ, ಅಷ್ಟೇ. ಬೇರೆ ಅಲಂಕಾರ ಇಲ್ಲದ್ದರಿಂದ ಕಣ್ಣು ಗುಂಡಿಗಳಿಗೆ ಹೋಗುತ್ತೆ, ಅಲ್ಲಿಂದ ನೇರವಾಗಿ ಮುಖಕ್ಕೆ. ಬಿಡಿಸಲಿಕ್ಕೆ ಇದೇ ಸುಲಭ ಅಂದುಕೊಂಡಿದ್ದೆ. ಆಗಲಿಲ್ಲ. ಲೇಸ್‌ನಲ್ಲಿ ಒಂದು ಗೆರೆ ತಪ್ಪಿದರೆ ಇನ್ನೊಂದು ಮುಚ್ಚುತ್ತೆ. ಇಲ್ಲಿ ಭುಜದ ಗೆರೆ ಒಂಚೂರು ಜಾರಿದರೂ ಮನುಷ್ಯನೇ ಬೇರೆ ಆಗಿಬಿಡುತ್ತಾನೆ.

ಹಾಗಾಗಿ ಮುಖಕ್ಕೆ ನನ್ನ ಮತ ಡಾವಿಡ್‌ಗೆ, ಬಟ್ಟೆಗೆ ದ್ರುವೇಗೆ. ‘ಉಯ್ಯಾಲೆ’ ಇಬ್ಬರ ಹಿಂದೆ. ಒಂದೇ ಗಂಟೆ ಇದ್ದರೆ ನೇರ ನ್ಯಾಷನಲ್ ಗ್ಯಾಲರಿಗೆ ಹೋಗಿ.

ಉಡುಪಿನ ವಿಷಯಕ್ಕೆ ಬಂದರೆ, ನನ್ನ ಮನಸ್ಸು ನಿಯೋಕ್ಲಾಸಿಕಲ್ ಕಾಲದ ತೆಳು ಹತ್ತಿ ಬಟ್ಟೆ ಮಸ್ಲಿನ್ ಕಡೆಗೇ. ರೊಕೊಕೊ ಗೌನಿನ ರೇಷ್ಮೆ ನಮ್ಮ ಮದುವೆ ಸೀರೆಯ ಹಾಗೆ, ಮಡಿಚಿದಲ್ಲಿ ಬೆಳಕು ಚಕ್ಕನೆ ಮುರಿಯುತ್ತೆ. ಮಸ್ಲಿನ್ ಹಾಗಲ್ಲ, ಮೈಮೇಲಿಂದ ನೀರಿನ ಹಾಗೆ ಉದ್ದಕ್ಕೆ ಇಳಿಯುತ್ತೆ. ಆದರೆ ಅದು ಸುಮ್ನೆ ಬಂದ ಫ್ಯಾಷನ್ ಅಲ್ಲ. 1783ರಲ್ಲಿ ವಿಜೆ ಲ ಬ್ರೂನ್ ಎಂಬ ಚಿತ್ರಕಾರ್ತಿ ರಾಣಿ ಮರೀ ಆಂತ್ವಾನೆತ್‌ಳನ್ನು ಬಿಳಿ ಮಸ್ಲಿನ್ ಉಡುಪಿನಲ್ಲಿ ಬಿಡಿಸಿದಾಗ, ರಾಣಿಯನ್ನು ಒಳ ಉಡುಪಿನಲ್ಲಿ ನಿಲ್ಲಿಸಿದ್ದಾಳೆ ಅಂತ ಪ್ಯಾರಿಸ್‌ನಲ್ಲಿ ಗಲಾಟೆಯಾಯಿತು. ಪ್ರದರ್ಶನದಿಂದ ಚಿತ್ರ ತೆಗೆದು, ರೇಷ್ಮೆ ತೊಟ್ಟ ಇನ್ನೊಂದನ್ನು ಇಡಬೇಕಾಯಿತು.

ಅದೇ ಕೈ 1788ರಲ್ಲಿ ಟಿಪ್ಪುವಿನ ರಾಯಭಾರಿ ಮೊಹಮ್ಮದ್ ದರ್ವೇಶ್ ಖಾನ್‌ನನ್ನು ಬಿಡಿಸಿದೆ. ಬ್ರಿಟಿಷರ ವಿರುದ್ಧ ಸಹಾಯ ಕೇಳಲು ಮೈಸೂರಿನಿಂದ ಹೋಗಿದ್ದ ಮೂವರಲ್ಲಿ ಒಬ್ಬ ಅವನು. ಆಳೆತ್ತರದ ಚಿತ್ರ. 2019ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 70 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ನಾನು ನೋಡಿದ್ದು ಕಂಪ್ಯೂಟರ್ ಪರದೆಯ ಮೇಲೆ ಮಾತ್ರ. ಹಿಂದೆ ಬರೀ ಮೋಡ, ಬ್ಲಾವ್‌ನ ಗೋಡೆಯಷ್ಟೇ ಖಾಲಿ. ಕತ್ತಿಯ ಮೇಲೆ ಕೈ, ಯಾರಿಗೂ ಬಗ್ಗದ ಮುಖ. ಮೈಮೇಲೆ ಬಿಳಿ ಮಸ್ಲಿನ್, ಅದನ್ನು ದ್ರುವೇಯ ಲೇಸ್‌ನಷ್ಟೇ ಪ್ರೀತಿಯಿಂದ ಬಿಡಿಸಿದ್ದಾಳೆ. ಊರಿಗೆ ಬಂದ ಮೇಲೆ ಆ ತೋಳಿನ ನೆರಿಗೆಯನ್ನು ನಾಲ್ಕು ಸಲ ಬಿಡಿಸಿದೆ. ನಾಲ್ಕರಲ್ಲೂ ಬಟ್ಟೆ ದಪ್ಪ ಆಯಿತು. ಐದನೆಯದಕ್ಕೆ ತೆಳು ಕಾಗದ ತಂದಿಟ್ಟಿದ್ದೇನೆ.